ನೀರು ಒಗ್ಗೋದು ಯಾರಿಗೆ?

1/6
"ಈ ನೀರು ನಮಗೆ ಒಗ್ಗೈತೆ ಬಿಡು, ಏನೂ ಆಗಲ್ಲ." ಹೊಸಪೇಟೆಯಲ್ಲಿ ಅಜ್ಜಿ ಹೇಳ್ತಾರೆ, ಕಂಪ್ಲಿಯಲ್ಲಿ ಅತ್ತೆನೂ ಹೇಳ್ತಾರೆ. ಮೈಕ್ರೋಬಯಾಲಜಿ ಓದೋಕೆ ಶುರು ಮಾಡಿದ ಮೇಲೆ ಈ ಮಾತು ನನ್ನನ್ನು ಬಿಡ್ತಿಲ್ಲ. ನೆಲದಡಿಯ ನೀರಿಗೆ ನಿಜವಾಗಿ ಒಗ್ಗಿದ್ದು ನಾವಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ. ಹೇಗೆ ಅಂತ ನಮ್ಮೂರುಗಳ ಫೋಟೊ ಜೊತೆ ಹೇಳ್ತೀನಿ. ಸ್ವೈಪ್ ಮಾಡ್ತಾ ಬನ್ನಿ 👉

2/6 ಸಂಡೂರು
ಕಬ್ಬಿಣದ ಅದಿರಿನ ಊರು. ಕಬ್ಬಿಣ ಇರೋ ನೆಲದ ಆಳದಲ್ಲಿ ಆಮ್ಲಜನಕ ಮುಗಿದುಹೋದರೆ ಕೆಲವು ಬ್ಯಾಕ್ಟೀರಿಯಾ ತುಕ್ಕನ್ನೇ ಉಸಿರಾಡುತ್ತವೆ. ಊಟದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಮೈ ಹೊರಗಿನ ಕಬ್ಬಿಣಕ್ಕೆ ದಾಟಿಸುತ್ತವೆ. ಇಂಥದ್ದೊಂದು, ಜಿಯೋಬ್ಯಾಕ್ಟರ್, 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಲ್ಲಿ ಸಿಕ್ಕಿತ್ತು. ಹೀಗಾದಾಗ ಕಬ್ಬಿಣ ಕರಗಿ ನೀರಿಗೆ ಸೇರುತ್ತೆ. ಅಂಥ ಬೋರ್‌ವೆಲ್ ನೀರು ಕೊಡಕ್ಕೆ ತುಂಬುವಾಗ ತಿಳಿಯಾಗಿರುತ್ತೆ, ಗಾಳಿ ತಾಗಿ ಸ್ವಲ್ಪ ಹೊತ್ತಾದರೆ ಕೆಂಪಗಾಗುತ್ತೆ. ಅವಕ್ಕೆ ಅದು ಉಸಿರು, ನಮಗೆ ಬಟ್ಟೆ ಮೇಲಿನ ಕಲೆ.

3/6 ಕಂಪ್ಲಿ
ಭತ್ತದ ಗದ್ದೆ, ಯೂರಿಯಾ ಮೂಟೆ. ಗೊಬ್ಬರದ ಸಾರಜನಕ ನೈಟ್ರೇಟ್ ಆಗಿ ಕೆಳಗೆ ಇಳಿಯುತ್ತೆ. ನೀರು ನಿಂತ ಗದ್ದೆಯ ಕೆಸರಲ್ಲಿ ಆಮ್ಲಜನಕ ಕಮ್ಮಿ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡಿ, ಅದನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಇಲ್ಲಿ ನಮಗೂ ಲಾಭ. ಆದರೆ ಅವಕ್ಕೆ ತಿನ್ನೋಕೆ ಇಂಗಾಲ ಬೇಕು. ಆಳಕ್ಕೆ ಹೋದಷ್ಟೂ ಆ ಊಟ ಕಮ್ಮಿ. ತಪ್ಪಿಸಿಕೊಂಡ ನೈಟ್ರೇಟ್ ಬೋರ್‌ವೆಲ್‌ಗೆ ಬರುತ್ತೆ. ಹಸುಗೂಸುಗಳಿಗೆ ಅದು ಅಪಾಯ.

4/6 ಹಂಪಿ
ಬಂಡೆ ಮುಂದೆ ಸೆಲ್ಫಿ ಎಲ್ಲರ ಹತ್ರನೂ ಇದೆ 😄 ಇಂಥ ಗ್ರಾನೈಟ್‌ನ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತೆ. ಯಾರೂ ಸುರಿದ ವಿಷ ಅಲ್ಲ. ಫ್ಲೋರೈಡ್ ಬಂದದ್ದನ್ನು ಗುರುತಿಸೋ ಆರ್‌ಎನ್‌ಎ ಸ್ವಿಚ್ ಅನೇಕ ಬ್ಯಾಕ್ಟೀರಿಯಾಗಳಲ್ಲಿದೆ ಅಂತ 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಸ್ವಿಚ್ ಆನ್ ಆದರೆ ಫ್ಲೋರೈಡನ್ನು ಹೊರಗೆ ತಳ್ಳೋ ಪ್ರೋಟೀನ್ ತಯಾರಾಗುತ್ತೆ. ಬ್ಯಾಕ್ಟೀರಿಯಾ ಪಾರು. ಫ್ಲೋರೈಡ್ ಮಾತ್ರ ನೀರಲ್ಲೇ ಉಳೀತು.

5/6
ಇಷ್ಟೆಲ್ಲ ಕಲಿತಿದ್ದು ಎಲ್ಲಿ? ನಾವು ಪರೀಕ್ಷೆ ಹಿಂದಿನ ದಿನ ನೋಟ್ಸ್ ಜೆರಾಕ್ಸ್ ಮಾಡಿಸ್ತೀವಲ್ಲ, ಹಾಗೆ ಅವು ಬೇರೆ ಜಾತಿಯ ಬ್ಯಾಕ್ಟೀರಿಯಾದಿಂದಲೂ ಜೀನ್ ಇಸ್ಕೊಳ್ತವೆ. ತಾಳಿಕೊಂಡವು ಉಳಿದು ಹೆಚ್ಚುತ್ತವೆ, ಆಗದವು ಸಾಯುತ್ತವೆ. ಒಗ್ಗೋದು ಅಂದ್ರೆ ಇದೇ. ಅದರಲ್ಲಿ ಸತ್ತವುಗಳ ಲೆಕ್ಕವೂ ಸೇರಿದೆ.

6/6
ನಮಗೆ ಆ ಸ್ವಿಚ್ ಇಲ್ಲ. ವರ್ಷಗಟ್ಟಲೆ ಕುಡಿದ ಫ್ಲೋರೈಡ್ ಹಲ್ಲಿನ ಕಲೆಯಾಗುತ್ತೆ, ಮೂಳೆ ಸೇರುತ್ತೆ. ನಾಲಿಗೆಗೆ ರುಚಿ ಒಗ್ಗುತ್ತೆ, ಮೂಳೆಗೆ ಒಗ್ಗಲ್ಲ. ಕುದಿಸಿದರೂ ಫ್ಲೋರೈಡ್, ನೈಟ್ರೇಟ್ ಹೋಗಲ್ಲ. ಭಾರತದ ಮಾನಕದಲ್ಲಿ ಒಂದು ಲೀಟರ್ ಕುಡಿಯೋ ನೀರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ನೈಟ್ರೇಟ್ 45. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ನಿಮ್ಮೂರಲ್ಲಿ ಅದು ಯಾರ ಹತ್ರ ಇದೆ ಅಂತ ಕೇಳಿ, ಮನೆ ಬೋರ್‌ವೆಲ್ ನೀರನ್ನು ಒಂದು ಬಾಟ್ಲಿಯಲ್ಲಿ ತಗೊಂಡು ಹೋಗಿ. ಬಂದ ಅಂಕಿ ಕಾಮೆಂಟ್‌ನಲ್ಲಿ ಹಾಕ್ರಿ, ನಮ್ಮ ಕ್ಲಾಸಿಂದಾನೇ ಒಂದು ಪಟ್ಟಿ ಮಾಡೋಣ 💧

#ಹೊಸಪೇಟೆ #ಹಂಪಿ #ಸಂಡೂರು #ಕಂಪ್ಲಿ #ನಮ್ಮನೀರು