ಅವಳೇಕೆ ಬಿಟ್ಟು ಬರಲಿಲ್ಲ?

ಹದಿನಾರು ಹದಿನೇಳರ ಹುಡುಗಿಯೊಬ್ಬಳು ತನ್ನನ್ನು ಹೊಡೆದು ಹೀಯಾಳಿಸುತ್ತಿದ್ದವನ ಸಂಗವನ್ನು ತಿಂಗಳುಗಟ್ಟಲೆ ಸಹಿಸಿದಳೆಂಬ ಸುದ್ದಿ ಹೊರಬಿದ್ದೊಡನೆ ಜನರು ಕೇಳುವ ಪ್ರಶ್ನೆ ಒಂದೇ: “ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಾರದಿತ್ತೇ?” ಹೆಚ್ಚಿನವರು ಇದನ್ನು ಮರುಕದಿಂದಲೇ ಕೇಳುತ್ತಾರೆ. ಆದರೂ ಬರುವುದಕ್ಕೆ ದಾರಿಯೂ, ಬಂದವಳನ್ನು ಒಳಗೆ ಕರೆದುಕೊಳ್ಳುವ ಮನೆಯೂ ಇದ್ದೇ ಇದ್ದುವೆಂಬ ಊಹೆಯೊಂದು ಆ ಪ್ರಶ್ನೆಯಲ್ಲಿ ಅಡಗಿದೆ. ಅದೆಷ್ಟು ನಿಜವೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯವರು ತಮ್ಮ ಹಿಂದಿನ ಕಾಲದ ಕಥೆಯಿಂದಲೇ ಅರಿಯಬಹುದಾಗಿದೆ.

ಘಟ್ಟದ ಮೇಲಣ ಈ ಮೂರು ತಾಲೂಕುಗಳಲ್ಲಿ ಅಡಕೆಯ ತೋಟಗಳ ತಲೆಯಲ್ಲಿ ಮನೆಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ನಡುವೆ ಬೆಟ್ಟ, ಹಳ್ಳ, ಕಾಡು. ಮಳೆಗಾಲದಲ್ಲಿ ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ಮನೆಗಳಿಗೆ ಎಳೆಯ ಬಾಲಿಕೆಯರು ಸೊಸೆಯರಾಗಿ ಬರುತ್ತಿದ್ದರು. ತೆರ ತೆಗೆದುಕೊಂಡು ಮಗಳನ್ನು ವಯಸ್ಸಾದ ವರನಿಗೆ ಕೊಡುವ ಕನ್ಯಾವಿಕ್ರಯವೂ ಈ ಜಿಲ್ಲೆಯ ಹವ್ಯಕರಲ್ಲಿ ನಡೆಯುತ್ತಿತ್ತು. ಅದನ್ನೇ ವಿಷಯವಾಗಿಟ್ಟುಕೊಂಡು ಹೊನ್ನಾವರದ ಕಡೆಯ ಕರ್ಕಿ ವೆಂಕಟರಮಣ ಶಾಸ್ತ್ರಿಗಳು ೧೮೮೭ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಹೊರತಂದರು. ತೆರದ ಹಣವು ವೆಚ್ಚವಾಗಿ ಹೋದ ಮೇಲೆ ಮಗಳು ಅಳುತ್ತ ತವರಿಗೆ ಬಂದರೆ ತಂದೆ ಏನು ಮಾಡಿಯಾನು? ಹಣವನ್ನು ಹಿಂದಿರುಗಿಸುವುದಕ್ಕಿಂತ ಮಗಳನ್ನು ಹಿಂದಿರುಗಿಸುವುದು ಸುಲಭ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯು ಅವನ ನೆರವಿಗಿತ್ತು. ಲೋಕವು ಅವಳ ತಾಳ್ಮೆಯನ್ನು ಹೊಗಳಿತು. ಅವಳಿಗೋ ಬೇರೆ ನೆಲೆಯೇ ಇರಲಿಲ್ಲ.

ಅದೇ ೧೮೮೭ರಲ್ಲಿ, ಆಗ ಈ ಜಿಲ್ಲೆಯೂ ಸೇರಿದ್ದ ಮುಂಬಯಿ ಇಲಾಖೆಯ ಹೈಕೋರ್ಟಿನಲ್ಲಿ ರುಖ್ಮಾಬಾಯಿಯ ಮೊಕದ್ದಮೆಯು ನಡೆಯಿತು. ಹನ್ನೊಂದನೆಯ ವಯಸ್ಸಿನಲ್ಲಿ ವಿವಾಹವಾಗಿದ್ದ ಆಕೆ ಪ್ರಾಯಕ್ಕೆ ಬಂದ ಬಳಿಕ ಗಂಡನ ಮನೆಗೆ ಹೋಗಲೊಲ್ಲೆನೆಂದಳು. ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆಯೆಂದು ನ್ಯಾಯಾಲಯವು ವಿಧಿಸಿದಾಗ ಸೆರೆಯೇ ಲೇಸೆಂದು ನುಡಿದಳು. ೧೮೮೮ರಲ್ಲಿ ರಾಜಿಯಾಯಿತು, ಮುಂದೆ ಆಕೆ ಇಂಗ್ಲೆಂಡಿನಲ್ಲಿ ಓದಿ ವೈದ್ಯೆಯಾದಳು. ಅವಳ ಧೈರ್ಯ ಅಸಾಧಾರಣವೇ ಸರಿ. ಆದರೆ ಅವಳು ಬೆಳೆದುದು ವೈದ್ಯರಾದ ಮಲತಂದೆ ಸಖಾರಾಮ ಅರ್ಜುನರ ಮನೆಯಲ್ಲಿ ಎಂಬುದನ್ನೂ ಮರೆಯಲಾಗದು. ಒಲ್ಲೆನೆಂದವಳಿಗೆ ಉಣ್ಣಲು, ಓದಲು, ಮಲಗಲು ಒಂದು ಸ್ಥಳವಿತ್ತು. ಘಟ್ಟದ ಮೇಲಣ ಬಾಲಿಕೆಗೆ ಅದಿರಲಿಲ್ಲ.

ತೆರದ ಕಾಲವು ಹಿಂದಾಯಿತು. ಹೆಣ್ಣಿನ ವಿವಾಹದ ವಯಸ್ಸನ್ನು ೧೯೨೯ರ ಶಾರದಾ ಕಾಯಿದೆಯು ೧೪ಕ್ಕೆ ನಿಲ್ಲಿಸಿತು. ೧೯೭೮ರಲ್ಲಿ ಅದು ೧೮ಕ್ಕೇರಿತು. ಇಂದಿನ ಹುಡುಗಿ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಾಳೆ. ಕೈಯಲ್ಲಿ ಮೊಬೈಲು ಇರುತ್ತದೆ. ಸಂಗಾತಿಯನ್ನು ಕೆಲವೊಮ್ಮೆ ತಾನೇ ಆರಿಸಿಕೊಂಡಿರುತ್ತಾಳೆ. ಹಾಗಿದ್ದೂ ಅವಳನ್ನು ಕಟ್ಟಿಹಾಕುವುದೇನು?

ಮೊದಲನೆಯದಾಗಿ, ಹೊಡೆಯುವವನು ಸದಾ ಹೊಡೆಯುವುದಿಲ್ಲ. ಹೊಡೆದ ಮರುದಿನ ಅಳುತ್ತಾನೆ, ಕಾಲು ಹಿಡಿಯುತ್ತಾನೆ. ಆ ಮರುದಿನದವನೇ ನಿಜವಾದವನೆಂದು ಅವಳು ನಂಬುತ್ತಾಳೆ. ಗಳಿಗೆಗೊಮ್ಮೆ ಎಲ್ಲಿರುವೆಯೆಂದು ಕೇಳುವುದನ್ನೂ ಗೆಳತಿಯರನ್ನು ಬಿಡಿಸುವುದನ್ನೂ ಪ್ರೇಮದ ಅತಿಶಯವೆಂದೆಣಿಸುತ್ತಾಳೆ; ಹೋಲಿಸಿ ನೋಡುವುದಕ್ಕೆ ಆ ವಯಸ್ಸಿನಲ್ಲಿ ಬೇರೆ ಅನುಭವವಿಲ್ಲ. ತನ್ನ ಮನೆಯಲ್ಲಿಯೇ ತಂದೆ ತಾಯಿಯ ಮೇಲೆ ಕೈಯೆತ್ತುವುದನ್ನು ಕಂಡವಳಾದರೆ ಅದು ಸಂಸಾರದ ರೀತಿಯೆಂದೇ ತೋರುತ್ತದೆ. ಬಿಟ್ಟು ಹೋದರೆ ಪ್ರಾಣ ಕಳೆದುಕೊಳ್ಳುವೆನೆಂದೋ, ಭಾವಚಿತ್ರಗಳನ್ನು ಬಯಲಿಗೆ ಹಾಕುವೆನೆಂದೋ ಅವನ ಬೆದರಿಕೆಯೂ ಇದ್ದೀತು. ಇವೆಲ್ಲಕ್ಕಿಂತ ಬಲವಾದುದು ಮನೆಯ ಭಯ. ಹೇಳಿದೊಡನೆ ಕಾಲೇಜು ನಿಲ್ಲುವುದು, ಅವಸರದ ಮದುವೆ ಗೊತ್ತಾಗುವುದು, ನೀನೇ ಮಾಡಿಕೊಂಡದ್ದೆಂಬ ಮಾತು ಜೀವಮಾನವೆಲ್ಲ ಉಳಿಯುವುದು. ಅಂದು ತೆರವಿದ್ದ ಸ್ಥಾನದಲ್ಲಿ ಇಂದು ಮನೆತನದ ಮಾನವು ಕುಳಿತಿದೆ. ಎರಡು ಕಡೆಯ ನಷ್ಟವನ್ನೂ ತೂಗಿ ಅವಳು ಅಲ್ಲಿಯೇ ಉಳಿಯುತ್ತಾಳೆ. ತಕ್ಕಡಿಯ ಒಂದು ತಟ್ಟೆಯನ್ನು ತುಂಬಿದವರು ಮನೆಯವರೇ.

ಕಾಯಿದೆಯು ಈಗ ಕುರುಡಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ೨೦೧೨ರ ಕಾಯಿದೆಯಿದೆ. ಕೌಟುಂಬಿಕ ಹಿಂಸೆಯ ವಿರುದ್ಧ ೨೦೦೫ರದಿದೆ. ಹದಿನೆಂಟು ತುಂಬದವರಿಗಾಗಿ ೧೦೯೮ ಎಂಬ ದೂರವಾಣಿ ಹಗಲಿರುಳೂ ಇದೆ. ಆದರೆ ಆ ಸಂಖ್ಯೆಯನ್ನು ಒತ್ತುವ ಮುನ್ನ ಹುಡುಗಿ ತನ್ನ ಮನೆಯ ಬಾಗಿಲನ್ನೇ ನೋಡುತ್ತಾಳೆ. ಬಿಟ್ಟು ಹೊರಡುವ ಸಮಯದಲ್ಲಿಯೇ ಹಿಂಸೆಯು ಉಲ್ಬಣಿಸುವುದುಂಟಾದ್ದರಿಂದ, ಆಗ ಅವಳನ್ನು ಒಂಟಿಯಾಗಿ ಬಿಡತಕ್ಕದ್ದಲ್ಲ. ಗದರಿಸಿ ಅವಸರಪಡಿಸತಕ್ಕದ್ದೂ ಅಲ್ಲ.

ತಂದೆತಾಯಿಗಳು ಮಗಳಿಗೆ ಕಷ್ಟ ಬರುವ ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಡಬಹುದು: ಏನೇ ನಡೆದಿರಲಿ, ಓದು ನಿಲ್ಲುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ, ಮೊದಲ ದಿನ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಮಾತನ್ನು ಕೊಟ್ಟು ನಡೆಸುವ ಮನೆಯವರಿಗೆ, ಅವಳೇಕೆ ಬಿಟ್ಟು ಬರಲಿಲ್ಲವೆಂದು ಕೇಳುವ ಪ್ರಸಂಗ ಬಹುಮಟ್ಟಿಗೆ ಬಾರದು.