ಮೂಸೆಗೆ ಬಿದ್ದ ವಾಚುಗಳು

ದೊಡ್ಡಪ್ಪ ಏಡನ್ ಬಂದರಿನಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದಾಗ ಅವರ ಎಡಗೈಯಲ್ಲಿ ಒಂದು ಬಂಗಾರದ ವಾಚಿತ್ತು. ಒಮೆಗಾ ಕಾನ್‌ಸ್ಟಲೇಷನ್. ಅದರ ಡಯಲ್ಲು ಮಗುಚಿಟ್ಟ ತಟ್ಟೆಯ ಹಾಗೆ ಅಂಚಿನಲ್ಲಿ ಹನ್ನೆರಡು ಪಟ್ಟೆಯಾಗಿ ಇಳಿಯುತ್ತಿತ್ತು. ಹಿಂದಿನ ಮುಚ್ಚಳದಲ್ಲಿ ಒಂದು ವೀಕ್ಷಣಾಲಯದ ಗುಮ್ಮಟ, ಅದರ ಮೇಲೆ ಎಂಟು ನಕ್ಷತ್ರ. ಸ್ನಾನಕ್ಕೆ ಹೋಗುವಾಗ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, “ಬೀಳಿಸಬೇಡ ಮಗಾ” ಎನ್ನುತ್ತಿದ್ದರು. ಅವರು ಬರುವವರೆಗೂ ನಾನು ನಕ್ಷತ್ರ ಎಣಿಸುತ್ತ ಕೂತಿರುತ್ತಿದ್ದೆ.

1980ರ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಆ ಜನವರಿಯಲ್ಲಷ್ಟೇ ಹೊರದೇಶದ ಪೇಟೆಯಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿತ್ತು. ಅದರ ಬಿಸಿ ನಮ್ಮೂರ ಆಚಾರಿಯ ತಕ್ಕಡಿಗೂ ತಟ್ಟಿತ್ತು. ಬೆಂಡೋಲೆಗೆ ಚಿನ್ನ ಸಾಲದೆ ಹೋದಾಗ ದೊಡ್ಡಪ್ಪ ಒಂದೂ ಮಾತಾಡದೆ ವಾಚು ಬಿಚ್ಚಿ ಮುಂದಿಟ್ಟರು. ಆಚಾರಿ ಹಿಂದಿನ ಮುಚ್ಚಳ ತೆಗೆದು, ಡಯಲ್ಲು ಸಮೇತ ಮಷೀನನ್ನು ಹೊರಗೆಳೆದು, ಬರಿಯ ಕೇಸನ್ನು ತೂಗಿದ. ಎರಡು ಪವನಿಗೆ ತುಸು ಕಡಿಮೆ. ಹದಿನೆಂಟು ಕ್ಯಾರೆಟ್ಟಾದ್ದರಿಂದ ಅದರಲ್ಲಿ ಮುಕ್ಕಾಲು ಪಾಲು ಮಾತ್ರ ಅಪ್ಪಟ. ಮೂಸೆಗೆ ಇಳಿದ ಮೇಲೆ ಗುಮ್ಮಟ, ನಕ್ಷತ್ರ ಎಲ್ಲ ಸೇರಿ ಒಂದು ಹನಿಯಾಯಿತು.

ಮಷೀನನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ದೊಡ್ಡಮ್ಮ ಅದನ್ನು ಹಳೆಯ ಕುಂಕುಮದ ಡಬ್ಬಿಯಲ್ಲಿಟ್ಟರು. ಅದು ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಅರ್ಧಚಂದ್ರದಂಥ ತೂಕ ತಿರುಗಿ, ತಾಮ್ರದ ಬಣ್ಣದ ಮಷೀನು ಟಿಕ್ ಟಿಕ್ ಎನ್ನತೊಡಗುತ್ತಿತ್ತು. ಮುಳ್ಳುಗಳೂ ನಡೆಯುತ್ತಿದ್ದವು. ಸಮಯ ಹೊಂದಿಸೋಣವೆಂದರೆ ಪಕ್ಕದ ಕೀ ಕೇಸಿನೊಂದಿಗೇ ಹೋಗಿತ್ತು.

ಅಕ್ಕನ ಬೆಂಡೋಲೆಯ ಬಗ್ಗೆ ನನಗೆ ತಕರಾರಿಲ್ಲ. ಹೆಣ್ಣುಮಗಳ ಮದುವೆಗಿಂತ ವಾಚು ದೊಡ್ಡದೆಂದು ಯಾವ ಬಾಯಲ್ಲಿ ಹೇಳಲಿ? ಆದರೂ ಹಳೆ ವಾಚುಗಳನ್ನು ಹುಡುಕಿಕೊಂಡು ಹೋಗುವ ಈ ಗೀಳು ನನಗೆ ಹತ್ತಿದ್ದು ಆ ಡಬ್ಬಿಯಿಂದಲೇ. ಕೇಸು ಕಳೆದುಕೊಂಡ ಅಂಥ ಮಷೀನುಗಳನ್ನು ಆಮೇಲೆ ಎಷ್ಟೋ ಕಂಡೆ. ಅದೇ ಮಾದರಿ ಉಕ್ಕಿನ ಕೇಸಿನಲ್ಲಿದ್ದರೆ ಉಳಿದುಕೊಂಡಿರುತ್ತದೆ, ಉಕ್ಕನ್ನು ಕರಗಿಸಿ ಯಾರಿಗೂ ಲಾಭವಿಲ್ಲ. ತಲೆಮಾರುಗಳ ಕಾಲ ಬಾಳಲೆಂದು ಹಾಕಿದ ಬಂಗಾರವೇ ವಾಚಿಗೆ ಮೃತ್ಯುವಾಯಿತು.

ಆ ಕೇಸಿನಲ್ಲಿದ್ದದ್ದು ಬರಿಯ ಲೋಹವಲ್ಲ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲಿ ಲ ಷೋ-ದ-ಫೋಂ ಎಂಬ ಊರಿದೆ. 1794ರ ಬೆಂಕಿಗೆ ಸುಟ್ಟುಹೋಗಿ ಮತ್ತೆ ಎದ್ದ ಆ ಊರಿನ ಬೀದಿಗಳು ನೇರ, ಕಿಟಕಿಗಳು ಸಾಲುಸಾಲು, ಮೇಜಿಗೆ ಬಾಗಿ ಕೂತ ಕೆಲಸಗಾರನಿಗೆ ಬೆಳಕು ಬೀಳಲೆಂದು. 1848ರಲ್ಲಿ ಲೂಯಿ ಬ್ರಾಂಟ್ ತೆರೆದ, ಮುಂದೆ ಒಮೆಗಾ ಆದ ಕಾರ್ಯಾಗಾರವೂ ಅಲ್ಲಿಯದೇ. ನಮ್ಮ ಚಂಡೀಗಢವನ್ನು ಯೋಜಿಸಿದ ಲ ಕಾರ್ಬೂಸಿಯೆ ಹುಟ್ಟಿದ್ದೂ ಅಲ್ಲೇ. ಅವರ ತಂದೆ ಡಯಲ್ಲಿಗೆ ಎನಾಮಲ್ ಹಾಕುತ್ತಿದ್ದರು; ಮಗ ಮೊದಲು ಕಲಿತದ್ದು ವಾಚಿನ ಕೇಸಿನ ಮೇಲೆ ಕೆತ್ತುವುದನ್ನು. ಕೇಸು ಮಾಡುವುದೇ ಒಂದು ಬೇರೆ ಕಸುಬು: ಅಚ್ಚೊತ್ತುವುದು, ಕಡೆಯುವುದು, ಬೆಸೆಯುವುದು, ಮೆರುಗು ಕೊಡುವುದು. ಕೊನೆಗೆ ಹದಿನೆಂಟು ಕ್ಯಾರೆಟ್ಟಿನ ಕೇಸಿನ ಒಳಗೆ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆ, ಹದಿನಾಲ್ಕರದ್ದಕ್ಕೆ ಅಳಿಲಿನ ಮುದ್ರೆ. ಒಂದು ಶತಮಾನಕ್ಕೂ ಮಿಕ್ಕಿ ನಡೆದ ಆ ಪದ್ಧತಿ 1995ರಲ್ಲಿ ಬದಲಾಯಿತು.

ಆ ಕಸುಬುದಾರರಿಗೆ ದೊಡ್ಡ ಏಟು ಬಿದ್ದದ್ದು ಕ್ವಾರ್ಟ್ಸ್‌ನಿಂದ. 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೀಕೊ ಮಾರಾಟಕ್ಕಿಟ್ಟ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಆಸ್ಟ್ರಾನ್ ಕೂಡ ಬಂಗಾರದ್ದೇ. ಬೆಲೆ 4,50,000 ಯೆನ್. ಆಮೇಲೆ ಕ್ವಾರ್ಟ್ಸ್ ಅಗ್ಗವಾಯಿತು, ಕೀ ಕೊಡುವ ವಾಚು ಹಳತಾಯಿತು. 1970ರಲ್ಲಿ ಸುಮಾರು 90,000 ಇದ್ದ ಸ್ವಿಸ್ ಗಡಿಯಾರ ಕೆಲಸಗಾರರ ಸಂಖ್ಯೆ 1980ರ ದಶಕದ ನಡುವೆ ಮೂರನೇ ಒಂದಕ್ಕೆ ಇಳಿಯಿತು. ಹಳೆಯ ವಾಚು ಯಾರಿಗೂ ಬೇಡವಾದ ಹೊತ್ತಿನಲ್ಲೇ ಚಿನ್ನದ ಬೆಲೆ ಏರಿತು. ಮೂಸೆಗೆ ಅದಕ್ಕಿಂತ ಒಳ್ಳೆಯ ಕಾಲ ಬೇಕಿರಲಿಲ್ಲ.

ಈಗ ಆ ಕಾಲ ಮರಳಿ ಬಂದಿದೆ. 2025ರಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು. ಪಾಟೆಕ್ ಫಿಲಿಪ್, ವಷೆರಾನ್‌ನಂಥ ದೊಡ್ಡ ಹೆಸರುಗಳನ್ನು ಹರಾಜಿನ ಮನೆಗಳು ಕಾಯುತ್ತವೆ. ಸಣ್ಣ ಹೆಸರಿನ ವಾಚುಗಳನ್ನು ಕಾಯುವವರಿಲ್ಲ. ಮೂವತ್ತನಾಲ್ಕು ಮಿಲಿಮೀಟರಿನ ಕೇಸು ಇಂದಿನ ಹುಡುಗರ ಕಣ್ಣಿಗೆ ಹೆಂಗಸರ ವಾಚಿನಂತೆ ಕಾಣುತ್ತದೆ. ಎಷ್ಟೋ ವಾಚುಗಳಿಗೆ ಚಿನ್ನದ ತೂಕಕ್ಕಿಂತ ಹೆಚ್ಚು ಕೊಡುವವರೇ ಸಿಗುವುದಿಲ್ಲ. ಅಂಥದ್ದನ್ನು ನಾನು ಕೊಳ್ಳುವಾಗ ನನ್ನ ಪೈಪೋಟಿ ಇನ್ನೊಬ್ಬ ಸಂಗ್ರಾಹಕನೊಂದಿಗಲ್ಲ, ತಕ್ಕಡಿಯೊಂದಿಗೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಿರಿಯರ ಅಂಥದ್ದೊಂದು ವಾಚು ಇರಬಹುದು. ತೂಗಿಸುವ ಮುಂಚೆ ಒಮ್ಮೆ ಬಲ್ಲ ರಿಪೇರಿಯವರಿಂದ ಹಿಂದಿನ ಮುಚ್ಚಳ ತೆಗೆಸಿ ನೋಡಿ. ಒಳಗೆ ಆ ಹೆಣ್ಣಿನ ತಲೆಯನ್ನೋ ಅಳಿಲನ್ನೋ ಹುಡುಕಿ. ಮನೆಯ ಮಕ್ಕಳ ಕಿವಿಗೊಮ್ಮೆ ಹಿಡಿಯಿರಿ. ಆಮೇಲೂ ಮಾರಲೇಬೇಕೆನಿಸಿದರೆ, ಕಟ್ಟಿಕೊಳ್ಳುವವರಿಗೆ ಮಾರಿ, ಕರಗಿಸುವವರಿಗೆ ಬೇಡ.