ನಮ್ಮ ಜಾಗಕ್ಕೆ ಹಿಂದಿನ ಮನೆಯವನ ಅರ್ಜಿ

ಇಂಗ್ಲೆಂಡಿನಲ್ಲಿ ನಾವು ಸಾಲ ಮಾಡಿ ಕೊಂಡ ಮನೆಗೆ ಒಂದು ಪಕ್ಕದಲ್ಲಿ ಕಾರು ಹೋಗುವಷ್ಟು ಅಗಲದ ಖಾಲಿ ಜಾಗವಿದೆ. ಕಸದ ಡಬ್ಬಿ ಇಡುವುದು ಬಿಟ್ಟರೆ ಅದರಿಂದ ನಮಗೆ ಬೇರೆ ಉಪಯೋಗವಿರಲಿಲ್ಲ. ಒಂದು ಸಂಜೆ ನೋಡಿದರೆ ಬೀದಿ ದೀಪದ ಕಂಬಕ್ಕೆ ಕೌನ್ಸಿಲ್ ನೋಟಿಸ್ ಕಟ್ಟಿದೆ. ಹಿಂದಿನ ಮನೆಯ ಹಿತ್ತಲಲ್ಲಿ ಎರಡು ಮನೆ ಕಟ್ಟಲು ಅರ್ಜಿ ಬಂದಿದೆಯಂತೆ. ನಕ್ಷೆ ತೆಗೆದು ನೋಡಿದೆ. ಅರ್ಜಿಯ ಜಾಗ ತೋರಿಸುವ ಕೆಂಪು ಗೆರೆ ನಮ್ಮ ಖಾಲಿ ಜಾಗವನ್ನೂ ಒಳಗೆ ಹಾಕಿಕೊಂಡು ರಸ್ತೆ ಮುಟ್ಟಿತ್ತು. ಕೊನೆಯಲ್ಲಿ 'ಸರ್ಟಿಫಿಕೇಟ್ ಎ' ಮೇಲೆ ಸಹಿ. ಅಂದರೆ, ಅಷ್ಟೂ ಜಾಗಕ್ಕೆ ತಾನೊಬ್ಬನೇ ಮಾಲೀಕ ಎಂಬ ಘೋಷಣೆ!

ನಮ್ಮಾಕೆ ಆ ರಾತ್ರಿಯೇ ಲ್ಯಾಂಡ್ ರಿಜಿಸ್ಟ್ರಿಯ ಪತ್ರ ತೆಗೆದು ಗೆರೆಗೆ ಗೆರೆ ತಾಳೆ ನೋಡಿದಳು. ಜಾಗ ನಮ್ಮದೇ. ತಿಪಟೂರಿನಿಂದ ಅಪ್ಪ ಫೋನಿನಲ್ಲಿ ಕೇಳಿದರು, "ಖಾತೆ ನಿನ್ನ ಹೆಸರಲ್ಲಿರುವಾಗ ಅವನ ಅರ್ಜಿ ಹೆಂಗೋ ತಗೊಂಡ್ರು ಮಗಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ಕೊಟ್ಟಾಕೆ ಯೋಜನಾಧಿಕಾರಿ. ಇಲ್ಲಿ ಯಾರು ಬೇಕಾದರೂ ಯಾರ ಜಾಗಕ್ಕಾದರೂ ಅರ್ಜಿ ಹಾಕಬಹುದು, ಮಾಲೀಕರ ಒಪ್ಪಿಗೆ ಬೇಕಿಲ್ಲ. ಅವರಿಗೆ ನೋಟಿಸ್ ಕೊಟ್ಟು 'ಸರ್ಟಿಫಿಕೇಟ್ ಬಿ'ಗೆ ಸಹಿ ಮಾಡಿದರೆ ಸಾಕು. ಗೊತ್ತಿದ್ದೂ ಸುಳ್ಳು ಘೋಷಣೆ ಕೊಡುವುದು 1990ರ ಯೋಜನಾ ಕಾಯ್ದೆಯ ಪ್ರಕಾರ ಅಪರಾಧವೇ. ಆದರೆ ಆ 'ಗೊತ್ತಿದ್ದೂ' ಎಂಬುದನ್ನು ಸಾಬೀತು ಮಾಡುವವರು ಯಾರು? ಹಿಂದಿನ ಮನೆಯವನು ಏಜೆಂಟನ ಮೇಲೆ ತಪ್ಪು ಹಾಕಿ, ಸರ್ಟಿಫಿಕೇಟ್ ಬದಲಿಸಿ, ನಮ್ಮ ಬಾಗಿಲ ಸಂದಿಯಿಂದ ಒಂದು ಲಕೋಟೆ ತೂರಿಸಿದ. ಹೇಳುವುದಿದ್ದರೆ 21 ದಿನದೊಳಗೆ ಹೇಳಿ ಎಂದಿತ್ತು. ಜಾಗ ಬಿಟ್ಟು ಹೊರಡಲು ಕೊಟ್ಟ ಗಡುವಿನ ಹಾಗೆ ಅದು ಕಾಣುತ್ತಿತ್ತು. ಆ ವಾರಗಳಲ್ಲಿ ನಾನು ಸರಿಯಾಗಿ ಉಂಡದ್ದು, ಮಲಗಿದ್ದು ನೆನಪಿಲ್ಲ.

ಕ್ರಯಪತ್ರದಿಂದ ಶುರುಮಾಡಿ ಉದ್ದನೆಯ ಆಕ್ಷೇಪಣೆ ಬರೆದೆ. ಮಾಲೀಕತ್ವ ತಮ್ಮ ವಿಷಯವಲ್ಲ, ಅದು ಸಿವಿಲ್ ವ್ಯಾಜ್ಯ ಎಂದು ಕೌನ್ಸಿಲ್ ವಿನಯದಿಂದಲೇ ತಳ್ಳಿಹಾಕಿತು. ಅವರು ತೂಗಿ ನೋಡುವುದು ಪಕ್ಕದವರ ಬೆಳಕು, ಖಾಸಗಿತನ, ವಾಹನ ಸಂಚಾರ, ಮರ, ಚರಂಡಿ ಇಂಥವನ್ನು. ಕಾಗದ ಹಿಡಿದು ಹೋದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ರಸ್ತೆಗೆ ತಿರುಗುವಾಗ ಎದುರಿನ ಗಾಡಿ ಕಾಣುವುದಿಲ್ಲ ಎಂದು ಮತ್ತೆ ಬರೆದೆ. ಅದನ್ನೇನೋ ಓದಿದರು. ಅನುಮತಿಯನ್ನೂ ಕೊಟ್ಟರು.

ನಮ್ಮಾಕೆ ಅತ್ತೇಬಿಟ್ಟಳು. ಮರುದಿನ ಸಾಲಿಸಿಟರ್ ಹತ್ತಿರ ಹೋದರೆ ಆತ ನಗುತ್ತಿದ್ದಾನೆ! ಅನುಮತಿ ಅಂಟಿಕೊಳ್ಳುವುದು ನೆಲಕ್ಕೆ, ಅರ್ಜಿದಾರನಿಗಲ್ಲ. ನಿಮ್ಮ ನೆಲದ ಮೇಲೆ ಕಾಲಿಡುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ ಎಂದ. ಆ ಎರಡು ಮನೆಗಳಿಗೆ ಬೇರೆ ದಾರಿಯಿಲ್ಲ. ಮೂರು ವರ್ಷದೊಳಗೆ ಕೆಲಸ ಶುರುವಾಗದಿದ್ದರೆ ಅನುಮತಿಯೂ ರದ್ದು. ಇಂಥ ಜಾಗಕ್ಕೆ ಇಲ್ಲಿ 'ರ‍್ಯಾನ್ಸಮ್ ಸ್ಟ್ರಿಪ್' ಅನ್ನುತ್ತಾರಂತೆ. 1961ರ ಸ್ಟೋಕ್ಸ್ ವಿರುದ್ಧ ಕೇಂಬ್ರಿಡ್ಜ್ ತೀರ್ಪಿನ ನಂತರ, ಕಟ್ಟಡದಿಂದ ಹೆಚ್ಚುವ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಇವುಗಳ ಚೌಕಾಸಿ ಶುರುವಾಗುವುದು ವಾಡಿಕೆ. ಇಷ್ಟನ್ನು ಆ ನೋಟಿಸಿನ ಕೆಳಗೆ ಎರಡು ಸಾಲಿನಲ್ಲಿ ಬರೆದಿದ್ದರೆ ಕೌನ್ಸಿಲ್‌ನ ಗಂಟೇನು ಹೋಗುತ್ತಿತ್ತೋ!

ಕೆಲವು ತಿಂಗಳ ಮೇಲೆ ಹಿಂದಿನ ಮನೆಯವನು ವೈನ್ ಬಾಟಲಿ ಹಿಡಿದು ಬಂದ. ಆ ತುಂಡು ಜಾಗ ನಿಮಗೇನೂ ಉಪಯೋಗವಿಲ್ಲವಲ್ಲ, ಒಂದು ಸಣ್ಣ ಮೊತ್ತಕ್ಕೆ ಕೊಡಬಹುದಲ್ಲ ಎಂದ. ನಮ್ಮಾಕೆ ಬಾಟಲಿ ಮುಟ್ಟಲಿಲ್ಲ. ಸಾಲಿಸಿಟರ್ ವಿಳಾಸ ಬರೆದ ಚೀಟಿ ಅವನ ಕೈಗಿಟ್ಟು, ಏನು ಹೇಳುವುದಿದ್ದರೂ ಬರವಣಿಗೆಯಲ್ಲಿ ಕಳಿಸಿ ಎಂದಳು.